ಬದಲಾದ ಬ್ಲಾಕ್‌ಗಳ ಲೆಕ್ಕ ಯಾರದು ಉಳಿಯುತ್ತದೆ? ಕ್ವೆಮು ಬಿಟ್‌ಮ್ಯಾಪ್, ಸಿಬಿಟಿ, ಆರ್‌ಸಿಟಿ

ಬದಲಾದ ಭಾಗವನ್ನಷ್ಟೇ ನಕಲಿಸುವ ಇನ್‌ಕ್ರಿಮೆಂಟಲ್ ಬ್ಯಾಕಪ್ ನಡೆಯಬೇಕಾದರೆ, ಹಿಂದಿನ ಬ್ಯಾಕಪ್ ಆದಮೇಲೆ ಡಿಸ್ಕಿನ ಯಾವ ಬ್ಲಾಕ್‌ಗಳು ಬದಲಾದವು ಎಂಬ ಲೆಕ್ಕ ವಿಎಂ (ವರ್ಚುವಲ್ ಮಷಿನ್) ಆಫ್ ಆಗಿ ಆನ್ ಆದಮೇಲೂ ಉಳಿದಿರಬೇಕು. ವಿಎಂ ಓಡಿಸುವ ಉಚಿತ ತಂತ್ರಾಂಶ ಕ್ವೆಮುವಿನ ಪರ್ಸಿಸ್ಟೆಂಟ್ ಡರ್ಟಿ ಬಿಟ್‌ಮ್ಯಾಪ್ (ಬದಲಾದ ಜಾಗಗಳಿಗೆ ಬಿಟ್ ಗುರುತು ಹಾಕಿ ಫೈಲಿನಲ್ಲೇ ಉಳಿಸುವ ಪಟ್ಟಿ, 2017ರ 2.10 ಆವೃತ್ತಿಯಿಂದ), ವಿಎಂವೇರ್‌ನ ಸಿಬಿಟಿ (ಚೇಂಜ್ಡ್ ಬ್ಲಾಕ್ ಟ್ರ್ಯಾಕಿಂಗ್), ಮೈಕ್ರೋಸಾಫ್ಟ್ ಹೈಪರ್-ವಿಯ ಆರ್‌ಸಿಟಿ (ರೆಸಿಲಿಯಂಟ್ ಚೇಂಜ್ ಟ್ರ್ಯಾಕಿಂಗ್) ಮೂರನ್ನೂ ಒರೆಗೆ ಹಚ್ಚಿದ್ದಾಯಿತು. ನನ್ನ ಓಟು ಕ್ವೆಮುಗೆ. ಲೈಸೆನ್ಸ್ ಬೇಡ, ಓಡುತ್ತಿರುವ ವಿಎಂ ಕೂಡ ಬೇಡ, ಬರೀ ಟರ್ಮಿನಲ್ ಸಾಕು.

ಪರೀಕ್ಷೆ ಹೀಗೆ. 10 ಜಿಬಿಯ ಕ್ಯೂಕೌ2 ಇಮೇಜ್ (ಕ್ವೆಮುವಿನ ಡಿಸ್ಕ್ ಫೈಲ್) ಮಾಡಿ, ಕ್ವೆಮು-ಇಮೇಜ್‌ನ ಬಿಟ್‌ಮ್ಯಾಪ್ ಉಪಕಮಾಂಡ್‌ನಿಂದ (5.1ರಿಂದ ಲಭ್ಯ) ಒಂದು ಬಿಟ್‌ಮ್ಯಾಪ್ ಸೇರಿಸಿ. ಆಮೇಲೆ ಕ್ವೆಮು-ಐಒ ಬಳಸಿ 62 ಕೆಬಿ ಆಫ್‌ಸೆಟ್‌ನಿಂದ 4 ಕೆಬಿ ಬರೆಯಿರಿ. ಗ್ರ್ಯಾನ್ಯುಲಾರಿಟಿ (ಒಂದು ಬಿಟ್ ಲೆಕ್ಕವಿಡುವ ಜಾಗ) ಸಾಮಾನ್ಯವಾಗಿ 64 ಕೆಬಿ. ಬರಹ ಗಡಿ ದಾಟುವುದರಿಂದ ಎರಡು ಬಿಟ್ ಏಳಬೇಕು, ಅಂದರೆ 128 ಕೆಬಿ ಡರ್ಟಿ. ಇಮೇಜನ್ನು ಓದಲು ಮಾತ್ರ ಎನ್‌ಬಿಡಿ (ಡಿಸ್ಕನ್ನು ನೆಟ್‌ವರ್ಕ್ ಮೇಲೆ ಕೊಡುವ ವಿಧಾನ) ಮೂಲಕ ಎಕ್ಸ್‌ಪೋರ್ಟ್ ಮಾಡಿ ಎನ್‌ಬಿಡಿ-ಇನ್ಫೋದಲ್ಲಿ ಮ್ಯಾಪ್ ನೋಡಿದರೆ ಅಷ್ಟೇ ಕಾಣುತ್ತದೆ. ಪ್ರತಿ ಕಮಾಂಡ್ ಫೈಲನ್ನು ತೆರೆದು ಮುಚ್ಚುತ್ತದೆ, ಹಾಗಾಗಿ ಲೆಕ್ಕ ಉಳಿಯುವುದೂ ಇದರಲ್ಲೇ ಪರೀಕ್ಷೆಯಾಗುತ್ತದೆ. 1 ಟಿಬಿ ಡಿಸ್ಕಿಗೆ ಬಿಟ್‌ಮ್ಯಾಪ್ ತಿನ್ನುವುದು 2 ಎಂಬಿ ಮಾತ್ರ.

ಇನ್ನು ತಲೆನೋವಿನ ವಿಷಯ. ಕ್ವೆಮು ಇಮೇಜನ್ನು ಬರೆಯಲು ತೆರೆದಾಗ ಬಿಟ್‌ಮ್ಯಾಪ್ ರ್‍ಯಾಮ್‌ಗೆ ಬರುತ್ತದೆ, ಫೈಲಿನಲ್ಲಿರುವ ಪ್ರತಿಯ ಮೇಲೆ ‘ಬಳಕೆಯಲ್ಲಿದೆ’ ಎಂಬ ಗುರುತು ಬೀಳುತ್ತದೆ. ಹೊಸ ಲೆಕ್ಕ ಡಿಸ್ಕಿಗೆ ಇಳಿಯುವುದು ಇಮೇಜ್ ಸರಿಯಾಗಿ ಮುಚ್ಚಿದಾಗಲೇ. ನಡುವೆ ಕರೆಂಟ್ ಹೋದರೆ, ಅಥವಾ ಮೆಮೊರಿ ಸಾಲದೆ ಲಿನಕ್ಸ್ ಕರ್ನಲ್ ಕ್ವೆಮು ಪ್ರೋಸೆಸ್ಸನ್ನೇ ಕೊಂದರೆ, ಆ ಗುರುತು ಹಾಗೇ ಉಳಿಯುತ್ತದೆ. ಮುಂದಿನ ಸಲ ತೆರೆದಾಗ ಕ್ವೆಮು ಅದನ್ನು ‘ಇನ್‌ಕನ್ಸಿಸ್ಟೆಂಟ್’ ಎಂದು ಪಕ್ಕಕ್ಕಿಡುತ್ತದೆ. ಅದನ್ನು ಕ್ಲಿಯರ್ ಮಾಡಲಾಗದು, ಮರ್ಜ್ ಮಾಡಲಾಗದು, ಅಳಿಸುವುದೊಂದೇ ದಾರಿ. ಆಮೇಲೆ ಫುಲ್ ಬ್ಯಾಕಪ್. 500 ಜಿಬಿ ಡಿಸ್ಕು, 1 ಗಿಗಾಬಿಟ್ ನೆಟ್‌ವರ್ಕ್ ಎಂದರೆ ಒಂದೂಕಾಲು ಗಂಟೆಗೆ ಕಡಿಮೆ ಇಲ್ಲ.

ಇದನ್ನು ಪರೀಕ್ಷಿಸಲು ವರ್ಶ್ ಡೆಸ್ಟ್ರಾಯ್ ಕೊಟ್ಟರೆ ಮೋಸ ಹೋಗುತ್ತೀರಿ. ಹೆಸರು ಭೀಕರ, ಆದರೆ ಲಿಬ್‌ವರ್ಟ್ (ವರ್ಶ್‌ನ ಹಿಂದಿರುವ ವಿಎಂ ನಿರ್ವಹಣಾ ತಂತ್ರಾಂಶ) ಮೊದಲು ಸಿಗ್‌ಟರ್ಮ್ (ಕೆಲಸ ಮುಗಿಸಿ ಹೊರಡು ಎಂಬ ಸೂಚನೆ) ಕಳಿಸಿ ಸ್ವಲ್ಪ ಕಾಯುತ್ತದೆ. ಅಷ್ಟರಲ್ಲಿ ಕ್ವೆಮು ಬಿಟ್‌ಮ್ಯಾಪ್ ಬರೆದಿಟ್ಟು ಹೊರಟಿರುತ್ತದೆ. ಪರೀಕ್ಷೆ ಪಾಸ್, ಆದರೆ ಪರೀಕ್ಷೆಯಾದದ್ದು ಏನೂ ಇಲ್ಲ. ಪ್ರೋಸೆಸ್ ಐಡಿ ಹುಡುಕಿ ತಕ್ಷಣ ಕೊಲ್ಲುವ ಕಿಲ್ -9 ಕೊಡಿ. ಓಡುತ್ತಿರುವ ವಿಎಂಗೆ ಆಗಷ್ಟೇ ಸೇರಿಸಿದ ಬಿಟ್‌ಮ್ಯಾಪ್ ಆಗಿದ್ದರೆ ಅದು ಇನ್ನೂ ಫೈಲಿಗೇ ಇಳಿದಿರುವುದಿಲ್ಲ. ಆಗ ‘ಇನ್‌ಕನ್ಸಿಸ್ಟೆಂಟ್’ ಅಲ್ಲ, ಪೂರ್ತಿ ಮಾಯ. ಬ್ಯಾಕಪ್ ಸ್ಕ್ರಿಪ್ಟ್ ಈ ಎರಡನ್ನೂ ಗುರುತಿಸಿ ತಾನೇ ಫುಲ್‌ಗೆ ಹೊರಳಬೇಕು. ಗೆಸ್ಟ್ (ವಿಎಂನಲ್ಲಿ ಓಡುವ ಓಎಸ್) ಒಳಗೆ ಕರ್ನಲ್ ಪ್ಯಾನಿಕ್ ಆದರೆ ಚಿಂತೆಯಿಲ್ಲ, ಕ್ವೆಮು ಬದುಕಿರುತ್ತದಲ್ಲ.

ಇನ್ನೊಂದು: ಡಿಸ್ಕಾರ್ಡ್ (ಈ ಜಾಗ ಖಾಲಿ ಎಂದು ಡಿಸ್ಕಿಗೆ ಹೇಳುವುದು) ಕೂಡ ಬರಹವೆಂದೇ ಲೆಕ್ಕ. ಗೆಸ್ಟ್‌ನಲ್ಲಿ ಹಾಗೆ ಹೇಳುವ ಎಫ್‌ಎಸ್‌ಟ್ರಿಮ್ ಕಮಾಂಡ್ ಓಡಿದ ಮರುದಿನ ಇನ್‌ಕ್ರಿಮೆಂಟಲ್ ಊದಿಕೊಂಡಿದ್ದರೆ ಗಾಬರಿ ಬೇಡ. ಡಿಸ್ಕಿನ ಡೇಟಾ ಬಿಟ್ಟು ಬೇರೇನೂ ಇಲ್ಲದ ರಾ ಇಮೇಜ್‌ನಲ್ಲಿ ಬಿಟ್‌ಮ್ಯಾಪ್ ಇಡಲು ಜಾಗವೇ ಇಲ್ಲ.

ಸಿಬಿಟಿ ಹಳೇ ಹುಲಿ, ವಿಎಂವೇರ್‌ನ ವಿಸ್ಫಿಯರ್ 4ರಿಂದ ಇದೆ. ಡಿಸ್ಕಿನ ಪಕ್ಕದಲ್ಲೇ ಸಿಟಿಕೆ ಫೈಲ್ ಕೂರುತ್ತದೆ. ಸೆಟ್ಟಿಂಗ್ ಬದಲಿಸಿದ ಮೇಲೆ ಒಂದು ಸ್ನ್ಯಾಪ್‌ಶಾಟ್ ತೆಗೆದರೆ ಅದು ಜಾರಿಗೆ ಬರುತ್ತದೆ. ನನಗೆ ಇದರ ಮೇಲೆ ಅರೆಮನಸ್ಸು ಯಾಕೆಂದರೆ, ಡಿಸ್ಕನ್ನು 128 ಜಿಬಿ ದಾಟಿಸಿ ಹಿಗ್ಗಿಸಿದಾಗ ತಪ್ಪು ಲೆಕ್ಕ ಕೊಡುವ ದೋಷ 2014ರಲ್ಲಿ ಬಯಲಾಗಿತ್ತು. ಪ್ಯಾಚ್ ಬಂದು ಎಷ್ಟೋ ಕಾಲವಾಯಿತು, ನಿಜ. ಆದರೂ ಎರರ್ ಕೊಟ್ಟು ನಿಲ್ಲುವ ಬಿಟ್‌ಮ್ಯಾಪ್‌ಗಿಂತ ನಗುನಗುತ್ತಾ ಸುಳ್ಳು ಹೇಳುವ ಬಿಟ್‌ಮ್ಯಾಪ್ ಅಪಾಯ. ರಿಸ್ಟೋರ್ ಮಾಡುವ ದಿನದ ತನಕ ಗೊತ್ತೇ ಆಗುವುದಿಲ್ಲ. ವಿಎಂವೇರ್‌ನ ಉಚಿತ ಇಎಸ್‌ಎಕ್ಸ್‌ಐನಲ್ಲಿ ಬ್ಯಾಕಪ್ ಎಪಿಐ ತೆರೆದಿಲ್ಲ, ಹಾಗಾಗಿ ಪ್ರಯೋಗಕ್ಕೆ ಇವ್ಯಾಲ್ಯುಯೇಶನ್ನೇ ಗತಿ.

ಕರೆಂಟ್ ಹೋಗುವ ಊರಿನಲ್ಲಿ ನಿಜವಾಗಿ ಗೆಲ್ಲುವುದು ಆರ್‌ಸಿಟಿ, ಇದನ್ನು ಒಪ್ಪಲೇಬೇಕು. ವಿಂಡೋಸ್ ಸರ್ವರ್ 2016ರಿಂದ ಬಂದ ಇದು ಡಿಸ್ಕಿನ ಜತೆ ಆರ್‌ಸಿಟಿ, ಎಂಆರ್‌ಟಿ ಎಂಬ ಎರಡು ಫೈಲ್ ಇಡುತ್ತದೆ. ಎಂಆರ್‌ಟಿಯ ಲೆಕ್ಕ ದಪ್ಪ (ದೊಡ್ಡ ತುಂಡುಗಳದ್ದು), ಆದರೆ ಕ್ಯಾಶ್ ಇಲ್ಲದೆ ನೇರ ಡಿಸ್ಕಿಗೇ ಬರೆಯುತ್ತದೆ. ಪ್ಲಗ್ ಕಿತ್ತರೆ ಮುಂದಿನ ಇನ್‌ಕ್ರಿಮೆಂಟಲ್ ದೊಡ್ಡದಾಗುತ್ತದೆ, ಫುಲ್ ಬೇಕಾಗುವುದಿಲ್ಲ. ಆದರೆ ಒಳಗೆ ಏನಿದೆ ಎಂದು ನೋಡಲು ಎಪಿಐಗೆ ಕೋಡ್ ಬರೆಯಬೇಕು, ಇಲ್ಲವೇ ದುಡ್ಡು ಕೊಟ್ಟು ಬ್ಯಾಕಪ್ ಸಾಫ್ಟ್‌ವೇರ್ ಕೊಳ್ಳಬೇಕು.

ಯಾವುದನ್ನೇ ಆರಿಸಿ, ಫುಲ್ ಮೇಲೆ ಇನ್‌ಕ್ರಿಮೆಂಟಲ್ ಕೂಡಿಸಿ ಮೂಲದ ಜತೆ ಹೋಲಿಸದೆ ನಂಬಬೇಡಿ. ಕ್ವೆಮು-ಇಮೇಜ್ ಕಂಪೇರ್ 0 ಕೊಟ್ಟರೆ ಎರಡೂ ಒಂದೇ, 1 ಕೊಟ್ಟರೆ ಬೇರೆ, ಅದಕ್ಕಿಂತ ಮೇಲಿನದ್ದು ಎರರ್.

ಲಿನಕ್ಸ್ ಗೊತ್ತಿದ್ದು, ಹಳೇ ಸರ್ವರ್ ಒಂದರಲ್ಲಿ ನಾಲ್ಕು ವಿಎಂ ಓಡಿಸುವವರು ಕ್ವೆಮು ಹಿಡಿಯಿರಿ. ಉಳಿದ ಲೈಸೆನ್ಸ್ ದುಡ್ಡನ್ನು ಯುಪಿಎಸ್‌ಗೆ ಹಾಕಿ. ಬ್ಯಾಟರಿ ಇಳಿಯುತ್ತಿದ್ದಂತೆ ಹೋಸ್ಟ್ ತಾನಾಗಿ ಶಟ್‌ಡೌನ್ ಆಗುವಂತೆ ಮಾಡಿ, ಲಿಬ್‌ವರ್ಟ್-ಗೆಸ್ಟ್ಸ್ ಸೇವೆ ವಿಎಂಗಳನ್ನು ನಿಲ್ಲಿಸಲು ಕೊಡುವ ಅವಧಿಗಿಂತ ಹೆಚ್ಚು ಹೊತ್ತು ಬ್ಯಾಟರಿ ತಡೆಯುತ್ತದೆಯೇ ಎಂದು ಪೂರ್ತಿ ಲೋಡ್ ಹಾಕಿ ನೋಡಿಕೊಳ್ಳಿ.