ಬೆಳ್ಳಿ ಲೋಟ ಮಾಡಲು ಕಲಿಸುವ ಕೋರ್ಸ್‌ಗೆ ಸೇರುವ ಮುನ್ನ ಬೆಸುಗೆಯ ವಿಷಯ ಕೇಳಿಕೊಳ್ಳಿ

ಬೆಳ್ಳಿಯಲ್ಲಿ ಬಟ್ಟಲು, ಚಮಚ, ಲೋಟ ಮಾಡುವುದನ್ನು ಕೆಲವೇ ದಿನಗಳಲ್ಲಿ ಕಲಿಸುತ್ತೇವೆ ಅನ್ನುವ ಕೋರ್ಸ್‌ಗೆ ಸೇರಬೇಕು ಅಂತಿದ್ದರೆ, ದುಡ್ಡು ಕಟ್ಟುವ ಮೊದಲು ಇದನ್ನು ಪೂರ್ತಿ ಓದಿ. ನಾನು ಅಂಥದೊಂದು ಕೋರ್ಸ್ ಮುಗಿಸಿ ಬಂದವಳು. ಅಲ್ಲಿ ನನ್ನ ಕೈಯಾರೆ ಮಾಡಿದ ಲೋಟ ನೋಡಲು ಚೆನ್ನಾಗಿಯೇ ಇದೆ. ಆದರೆ ಅದರಲ್ಲಿ ಒಂದು ಗುಟುಕು ನೀರನ್ನೂ ಕುಡಿಯುವ ಹಾಗಿಲ್ಲ, ಯಾಕೆಂದರೆ ಅದರ ಬೆಸುಗೆಯಲ್ಲಿ, ಅಂದರೆ ತುಂಡುಗಳನ್ನು ಕೂಡಿಸಲು ಕರಗಿಸಿ ಹಾಕುವ ಲೋಹದಲ್ಲಿ, ಕ್ಯಾಡ್ಮಿಯಂ ಅನ್ನುವ ವಿಷಕಾರಿ ಲೋಹ ಇದೆ. ಕಲಿಸಿದವರು ಈ ಮಾತನ್ನು ಯಾರಿಗೂ ಹೇಳಿರಲಿಲ್ಲ. ಯಾವ ಸಂಸ್ಥೆ ಅಂತ ಹೆಸರು ಹಾಕುತ್ತಿಲ್ಲ, ಏಕೆಂದರೆ ಒಂದು ಹೆಸರು ಗೊತ್ತಾದರೆ ಅದೊಂದನ್ನು ಬಿಟ್ಟು ಅದೇ ಥರದ ಇನ್ನೊಂದಕ್ಕೆ ಹೋಗಿ ಸೇರುತ್ತೀರಿ. ಏನು ನೋಡಬೇಕು, ಏನು ಕೇಳಬೇಕು ಅನ್ನುವುದು ಗೊತ್ತಿದ್ದರೆ ಎಲ್ಲಿಗೆ ಹೋದರೂ ಉಪಯೋಗಕ್ಕೆ ಬರುತ್ತದೆ.

ಶುರುವಿನಲ್ಲಿ ಎಲ್ಲ ಸರಿಯಾಗಿಯೇ ಇತ್ತು. 925 ಬೆಳ್ಳಿ, ಅಂದರೆ ಸಾವಿರಕ್ಕೆ 925 ಪಾಲು ಬೆಳ್ಳಿ, ಉಳಿದದ್ದು ಹೆಚ್ಚಾಗಿ ತಾಮ್ರ ಇರುವ ತಗಡು ಕೊಟ್ಟರು. ಅದನ್ನು ಮರದ ಕುಳಿಯ ಮೇಲಿಟ್ಟು ಸುತ್ತಿಗೆಯಿಂದ ಬಡಿದು ಬಟ್ಟಲಿನ ಆಕಾರಕ್ಕೆ ತರುವುದು ಮೊದಲ ಪಾಠ. ಬಡಿದಷ್ಟೂ ಬೆಳ್ಳಿ ಗಟ್ಟಿಯಾಗುತ್ತದೆ, ಸುತ್ತಿಗೆಯ ಸದ್ದೇ ಬದಲಾಗುತ್ತದೆ. ಆಗ ಅದನ್ನು ಕಾಯಿಸಿ ಮೆತ್ತಗೆ ಮಾಡಿಕೊಂಡು ಮುಂದುವರಿಯಬೇಕು. ಸುಮಾರು 600ರಿಂದ 650 ಡಿಗ್ರಿ ಸೆಲ್ಸಿಯಸ್‌ಗೆ ತಗಡು ಮಂಕು ಕೆಂಪಾಗುತ್ತದೆ, ಅಷ್ಟು ಸಾಕು. ಆ ಮಂಕು ಕೆಂಪು ಕಣ್ಣಿಗೆ ಕಾಣಬೇಕಾದರೆ ಕೋಣೆ ಮಬ್ಬಾಗಿರಬೇಕು. ನಮ್ಮನ್ನು ಕೂರಿಸಿದ್ದು ಫೋಟೋ ಚೆನ್ನಾಗಿ ಬರಲಿ ಅಂತ ದೊಡ್ಡ ಕಿಟಕಿಗಳಿದ್ದ ಕೋಣೆಯಲ್ಲಿ. ಆ ಬೆಳಕಿನಲ್ಲಿ ಕೆಂಪು ಕಾಣುವ ಹೊತ್ತಿಗೆ ಬೆಳ್ಳಿ ಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಕಾದಿರುತ್ತಿತ್ತು. ಕೆಲವರ ತಗಡು ಅಂಚಿನಲ್ಲಿ ಮಡಿಚಿ ಕುಸಿಯಿತು. ಸಾಕಷ್ಟು ಕಾಯಿಸದೆ ಬಡಿದವರ ಬಟ್ಟಲಿನ ಅಂಚು ಸೀಳಿತು. ಸೀಳಿದ್ದನ್ನು ಸಹಾಯಕರು ಒಳಗೆ ಒಯ್ದು, ಸರಿ ಮಾಡಿ ತಂದುಕೊಡುತ್ತಿದ್ದರು. ಹೇಗೆ ಸರಿ ಮಾಡಿದರು ಅನ್ನುವುದೇ ನಾವು ಕಲಿಯಬೇಕಾಗಿದ್ದ ಪಾಠ. ಅದನ್ನು ನಮಗೆ ತೋರಿಸಲೇ ಇಲ್ಲ.

ಇಷ್ಟೇ ಆಗಿದ್ದರೆ ಕೋರ್ಸ್ ಚೆನ್ನಾಗಿರಲಿಲ್ಲ ಅಂತ ಹೇಳಿ ಸುಮ್ಮನಾಗುತ್ತಿದ್ದೆ.

ಲೋಟದ ಪಾಠ ಬಂತು. ಒಂದೇ ತಗಡನ್ನು ಬಡಿದು ಬಡಿದು ಎತ್ತರಿಸಿ ಲೋಟ ಮಾಡುವುದಕ್ಕೆ ತುಂಬಾ ಸಮಯ ಬೇಕು. ಹಾಗಾಗಿ ಕಿರು ಕೋರ್ಸ್‌ಗಳಲ್ಲಿ ತಗಡನ್ನು ಕೊಳವೆಯಂತೆ ಸುತ್ತಿ, ಪಕ್ಕದ ಅಂಚು ಕೂಡಿಸಿ, ಬುಡಕ್ಕೆ ಒಂದು ಬಿಲ್ಲೆ ಬೆಸೆಯುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದರೆ ಹೀಗೆ ಮಾಡಿದ ಲೋಟದಲ್ಲಿ ಪಕ್ಕದ ಬೆಸುಗೆಯೂ ಬುಡದ ಬೆಸುಗೆಯೂ ಒಳಗೆ ಹಾಕಿದ ನೀರಿಗೆ ನೇರವಾಗಿ ತಾಗುತ್ತವೆ. ಆಭರಣದ ಬೆಸುಗೆಗೂ ಊಟದ ಪಾತ್ರೆಯ ಬೆಸುಗೆಗೂ ಇರುವ ದೊಡ್ಡ ವ್ಯತ್ಯಾಸ ಇದೇ.

ಬೆಳ್ಳಿಗೆ ಬಳಸುವ ಒಳ್ಳೆಯ ಬೆಸುಗೆಯಲ್ಲಿ ಬೆಳ್ಳಿ, ತಾಮ್ರ, ಸತು ಇರುತ್ತವೆ. ಹಾರ್ಡ್, ಮೀಡಿಯಂ, ಈಸಿ ಅಂತ ಕರಗುವ ಶಾಖಕ್ಕೆ ತಕ್ಕಂತೆ ಬೇರೆ ಬೇರೆ ಬರುತ್ತವೆ. ಮೊದಲ ಸೇರುವೆಗೆ ಹಾರ್ಡ್, ಆಮೇಲಿನದಕ್ಕೆ ಅದಕ್ಕಿಂತ ಬೇಗ ಕರಗುವುದು, ಹೀಗೆ ಬಳಸಿದರೆ ಎರಡನೆಯದನ್ನು ಬೆಸೆಯುವಾಗ ಮೊದಲನೆಯದು ಬಿಚ್ಚಿಕೊಳ್ಳುವುದಿಲ್ಲ. ಇದನ್ನು ಕಲಿಯಲು ಕೈ ಪಳಗಬೇಕು, ಸಮಯ ಬೇಕು. ಕ್ಯಾಡ್ಮಿಯಂ ಬೆರೆಸಿದ ಬೆಸುಗೆ ಕಡಿಮೆ ಶಾಖದಲ್ಲಿಯೇ ನೀರಿನಂತೆ ಹರಿದು ಸಂದಿಯೊಳಗೆ ಹೋಗುತ್ತದೆ, ಹೊಸಬರ ಕೈಯಲ್ಲೂ ಚೆನ್ನಾಗಿ ಕೂರುತ್ತದೆ. ಅದಕ್ಕೇ ಗಡಿಬಿಡಿಯಲ್ಲಿ ಕಲಿಸುವವರಿಗೆ ಅದು ಇಷ್ಟ.

ನಮಗೆ ಕೊಟ್ಟದ್ದು ಹೆಸರು, ಗುರುತು ಏನೂ ಇಲ್ಲದ ತೆಳು ಪಟ್ಟಿಗಳು. ಒಂದು ಡಬ್ಬಿಯಲ್ಲಿ ತುಂಡು ಮಾಡಿಟ್ಟಿದ್ದರು. ಬೆಸುಗೆ ಚೆನ್ನಾಗಿ ಹರಿಯಲಿ ಅಂತ ಬಿಳಿಗಾರ ಹಚ್ಚಿ, ತುಂಡು ಇಟ್ಟು, ಗ್ಯಾಸ್ ಟಾರ್ಚ್ ಹಿಡಿದೆವು. ನನ್ನ ಲೋಟದ ಸಂದಿಯಲ್ಲಿ ಬೆಸುಗೆ ಮಿಂಚಿ ಓಡಿದ ಕೂಡಲೇ ಅಲ್ಲಿಂದ ಹಳದಿ ಮಿಶ್ರಿತ ಕಂದು ಹೊಗೆ ಎದ್ದಿತು. ಟಾರ್ಚ್ ತೆಗೆದ ಮೇಲೆ ನೋಡಿದರೆ ಕೆಳಗಿನ ಇಟ್ಟಿಗೆಯ ಮೇಲೆ, ಸೇರುವೆಯ ಸುತ್ತ, ಅದೇ ಬಣ್ಣದ ನಯವಾದ ಪುಡಿ ಕೂತಿತ್ತು. ಬಿಳಿಗಾರ ಉಳಿದರೆ ಗಾಜಿನಂತೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಇದು ಹಾಗಿರಲಿಲ್ಲ, ಉಫ್ ಅಂದರೆ ಹಾರುವಂತಿತ್ತು. ಏನಿದು ಅಂತ ಕೇಳಿದೆ. "ಏನೂ ಇಲ್ಲ ಮೇಡಂ, ಆಸಿಡ್‌ನಲ್ಲಿ ಹಾಕಿದರೆ ಹೋಗುತ್ತೆ" ಅಂದರು. ಹೊಗೆ ಎಳೆದು ಹೊರಗೆ ಹಾಕುವ ವ್ಯವಸ್ಥೆ ಇರಲಿಲ್ಲ. ಮೇಲೆ ಫ್ಯಾನ್ ತಿರುಗುತ್ತಿತ್ತು, ಅಂದರೆ ಒಬ್ಬರ ಮೇಜಿನ ಹೊಗೆ ಎಲ್ಲರ ಮೂಗಿಗೂ ಹೋಗುತ್ತಿತ್ತು.

ಅವತ್ತು ಸಂಜೆ ಗಂಟಲು ಒಣಗಿ ಕೆಮ್ಮು ಶುರುವಾಯಿತು. ರಾತ್ರಿ ಚಳಿ, ಜ್ವರ, ಎದೆಯಲ್ಲಿ ಬಿಗಿತ. ಬ್ಯಾಚಿನ ಇನ್ನಿಬ್ಬರಿಗೂ ಹಾಗೇ ಆಗಿತ್ತು ಅಂತ ಆಮೇಲೆ ತಿಳಿಯಿತು. ವೈದ್ಯರು ಕೇಳಿದ ಮೊದಲ ಪ್ರಶ್ನೆಯೇ "ಯಾವ ಲೋಹದ ಹೊಗೆ ಕುಡಿದಿರಿ?" ಸಂಸ್ಥೆಗೆ ಫೋನ್ ಮಾಡಿ ಬೆಸುಗೆಯಲ್ಲಿ ಏನೇನಿದೆ, ಅದರ ಸುರಕ್ಷತಾ ಮಾಹಿತಿ ಪತ್ರ ಕಳಿಸಿ ಅಂದೆ. ಬೆಳ್ಳಿ ಬೆಸುಗೆ ಅಷ್ಟೇ, ಬೇರೆ ಏನೂ ಇಲ್ಲ ಅಂದರು. ಎರಡನೇ ಸಲ ಕೇಳಿದಾಗ ಹೊಸಬರಿಗೆಲ್ಲ ಮೊದಮೊದಲು ಹಾಗಾಗುತ್ತೆ, ಒಗ್ಗಿಹೋಗುತ್ತೆ ಅಂದರು. ಈ ಮಾತು ಎಲ್ಲಿ ಕೇಳಿದರೂ ಅಲ್ಲಿಂದ ಎದ್ದು ಬನ್ನಿ. ಕ್ಯಾಡ್ಮಿಯಂ ಹೊಗೆಗೆ ಶ್ವಾಸಕೋಶ ಒಗ್ಗುವುದಿಲ್ಲ.

ಕೊನೆಗೆ ಲೋಟವನ್ನು, ಲೋಹದಲ್ಲಿ ಏನೇನಿದೆ ಅಂತ ಎಕ್ಸ್-ಕಿರಣದಿಂದ ಪತ್ತೆ ಮಾಡುವ ಎಕ್ಸ್‌ಆರ್‌ಎಫ್ ಯಂತ್ರವಿದ್ದ ಲೋಹ ಪರೀಕ್ಷಾ ಕೇಂದ್ರಕ್ಕೆ ಒಯ್ದೆ. ಲೋಟದ ಮೈ ಹೇಳಿದ ಹಾಗೆ 925 ಇತ್ತು. ಯಂತ್ರವನ್ನು ಸೇರುವೆಯ ಮೇಲೆ ಹಿಡಿದಾಗ ಕ್ಯಾಡ್ಮಿಯಂ ಕಾಣಿಸಿತು.

ಕ್ಯಾಡ್ಮಿಯಂ ಕುದಿಯುವುದು 767 ಡಿಗ್ರಿಗೆ. 925 ಬೆಳ್ಳಿ ಕರಗಲು ಶುರುವಾಗುವುದು ಸುಮಾರು 800 ಡಿಗ್ರಿಯ ಹತ್ತಿರ. ಅಂದರೆ ಕೈಯಲ್ಲಿರುವ ಲೋಟಕ್ಕೆ ಏನೂ ಆಗದೆ ಇರುವಾಗಲೇ ಬೆಸುಗೆಯೊಳಗಿನ ಕ್ಯಾಡ್ಮಿಯಂ ಆವಿಯಾಗಿ ಮುಖಕ್ಕೆ ಬರಬಹುದು. ಕೈ ಪಳಗದವರು ಟಾರ್ಚ್ ಹಿಡಿದಾಗ ಹಾಗಾಗುವುದೇ ಹೆಚ್ಚು. ಈ ಹೊಗೆಯ ಕೆಟ್ಟ ಗುಣ ಏನೆಂದರೆ ಕುಡಿಯುವಾಗ ಹೆಚ್ಚೇನೂ ಗೊತ್ತಾಗುವುದಿಲ್ಲ, ಕೆಲವು ಗಂಟೆ ಕಳೆದ ಮೇಲೆ ಫ್ಲೂ ಜ್ವರದಂತೆ ಕಾಣಿಸಿಕೊಳ್ಳುತ್ತದೆ. ಹೆಚ್ಚಾದರೆ ಶ್ವಾಸಕೋಶದಲ್ಲಿ ನೀರು ತುಂಬಿ ಜೀವಕ್ಕೇ ಅಪಾಯ. ದೇಹದೊಳಗೆ ಹೋದದ್ದು ಮೂತ್ರಪಿಂಡದಲ್ಲಿ ವರ್ಷಗಟ್ಟಲೆ ಉಳಿದು ಅದನ್ನು ಹಾಳು ಮಾಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1993ರಲ್ಲೇ ಇದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದೆ. ಆಭರಣದಲ್ಲಿ ಮತ್ತು ಇಂಥ ಬೆಸುಗೆಯಲ್ಲಿ ಕ್ಯಾಡ್ಮಿಯಂ ಬಳಕೆಗೆ ಯುರೋಪಿಯನ್ ಒಕ್ಕೂಟ 2011ರಲ್ಲಿ ತಡೆ ಹಾಕಿತು. ಪಾತ್ರೆಯ ವಿಷಯಕ್ಕೆ ಬಂದರೆ, ಹುಳಿ ಇರುವ ಪದಾರ್ಥಕ್ಕೆ ಕ್ಯಾಡ್ಮಿಯಂ ಕರಗಿ ಬಿಡುತ್ತದೆ. ಪಾಲಿಶ್ ಮಾಡಿದರೆ, ಮೇಲೆ ಬೆಳ್ಳಿಯ ಲೇಪ ಕೊಟ್ಟರೆ ಸರಿಹೋಗುತ್ತದೆ ಅನ್ನುವುದು ಸುಳ್ಳು. ಅದು ಸೇರುವೆಯ ಆಳಕ್ಕೂ ಇದೆ, ಲೇಪ ಬಳಸುತ್ತಾ ಸವೆಯುತ್ತದೆ.

ನನಗೆ ಇವತ್ತಿಗೂ ಸಿಟ್ಟು ಬರುವುದು ಒಂದು ಚಮಚದ ವಿಷಯಕ್ಕೆ. ನಮ್ಮ ಬ್ಯಾಚಿನ ಒಬ್ಬರು ಪುಟ್ಟ ಮಗುವಿಗೆ ತಿನ್ನಿಸಲೆಂದೇ ಚಮಚ ಮಾಡಿದ್ದರು. ಸಣ್ಣ ಬಟ್ಟಲಿಗೆ ಹಿಡಿ ಬೆಸೆದದ್ದು, ಅದೇ ಡಬ್ಬಿಯ ತುಂಡಿನಿಂದ. ಪರೀಕ್ಷೆಯ ವಿಷಯ ಗೊತ್ತಾದ ಕೂಡಲೇ ಅವರಿಗೆ ಫೋನ್ ಮಾಡಿದೆ. ಚಮಚಕ್ಕೆ ಬೆಸುಗೆ ಬೇಕೇ ಇಲ್ಲ! ದಪ್ಪ ಪಟ್ಟಿಯೊಂದನ್ನು ಅಡಿಗಲ್ಲಿನ ಮೇಲೆ ಬಡಿದು, ಒಂದು ತುದಿಯನ್ನು ಅಗಲಿಸಿ ಕುಳಿ ಮಾಡಿ, ಉಳಿದದ್ದನ್ನು ಹಿಡಿಯಾಗಿ ಎಳೆದರೆ ಒಂದೇ ತುಂಡಿನ ಚಮಚ ಆಗುತ್ತದೆ. ಕಲಿಯುವವರಿಗೆ ಮೊದಲು ಕೊಡಬೇಕಾದ ಕೆಲಸವೇ ಅದು. ಸುತ್ತಿಗೆ ಹಿಡಿಯುವುದು, ಕಾಯಿಸುವುದು, ಅರ ಹಾಕುವುದು ಎಲ್ಲ ಅದರಲ್ಲೇ ಬರುತ್ತದೆ. ಅದನ್ನು ಬಿಟ್ಟು ಬೆಸೆದ ಚಮಚ ಮಾಡಿಸಿದ್ದು ಬೇಗ ಮುಗಿಯಲಿ ಅಂತ, ಅಷ್ಟೇ.

ಉಳಿದ ಅಪಾಯಗಳೂ ಇದ್ದವು. ಪಾತ್ರೆಗೆ ಹೊಳಪು ಕೊಡುವ ಬಫಿಂಗ್ ಮಷೀನಿನ ಮುಂದೆ ಕೈಗವಸು ಹಾಕಿಸಿ ನಿಲ್ಲಿಸಿದ್ದರು. ತಿರುಗುವ ಚಕ್ರ ಗವಸಿನ ತುದಿ ಹಿಡಿದರೆ ಬೆರಳೂ ಜೊತೆಗೆ ಹೋಗುತ್ತದೆ. ಅಲ್ಲಿ ಬರಿಗೈ, ಕಟ್ಟಿದ ಕೂದಲು, ಕಣ್ಣಿಗೆ ಕನ್ನಡಕ ಇರಬೇಕು. ಸರ, ಸಡಿಲ ತೋಳು ಇರಕೂಡದು. ಫೋರ್ಕಿನ ಹಲ್ಲು ಚಕ್ರಕ್ಕೆ ಸಿಕ್ಕಿ ಕೋಣೆಯ ಆಚೆ ಗೋಡೆಗೆ ಹಾರಿ ಬಡಿದದ್ದನ್ನು ನಾನೇ ನೋಡಿದೆ, ಪುಣ್ಯಕ್ಕೆ ಮಧ್ಯೆ ಯಾರೂ ಇರಲಿಲ್ಲ. ಪೊಳ್ಳು ಹಿಡಿಯನ್ನು ಗಾಳಿ ಹೋಗಲು ತೂತಿಲ್ಲದೆ ಮುಚ್ಚಿ ಬೆಸೆಯಲು ಹೊರಟಿದ್ದರು, ಒಳಗಿನ ಗಾಳಿ ಕಾದರೆ ಸಿಡಿಯುತ್ತದೆ. ಬೆಸೆದ ಪಾತ್ರೆಯನ್ನು ಶುಚಿ ಮಾಡಲು ಬಳಸುವ ಗಂಧಕಾಮ್ಲವನ್ನು ತೆಳು ಮಾಡುವಾಗ ಯಾವತ್ತೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರಲ್ಲ. ಈ ಮಾತನ್ನೂ ಯಾರೂ ಹೇಳಲಿಲ್ಲ.

ಬೆಳ್ಳಿಯ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಿ. ತಗಡಿನ ದುಡ್ಡು ನಮ್ಮಿಂದ ತೂಕಕ್ಕೆ ತಕ್ಕಂತೆ ತೆಗೆದುಕೊಂಡಿದ್ದರು. ಚೌಕ ತಗಡಿನಿಂದ ದುಂಡು ಬಿಲ್ಲೆ ಕತ್ತರಿಸಿದರೆ ನಾಲ್ಕು ಮೂಲೆಗಳಲ್ಲೇ ಐದರಲ್ಲೊಂದು ಪಾಲಿಗಿಂತ ಹೆಚ್ಚು ಬೆಳ್ಳಿ ಉಳಿಯುತ್ತದೆ, ಅರದ ಪುಡಿ ಬೇರೆ. ಅದೆಲ್ಲ ಅವರ ಡ್ರಾಯರ್‌ಗೆ ಹೋಯಿತು. ಕೇಳಿದರೆ ಕಸ ಅಂದರು. ಶುರುವಿನಲ್ಲಿ ತೂಕ ಬರೆಸಿಕೊಳ್ಳಿ, ಕೊನೆಯಲ್ಲಿ ಪಾತ್ರೆ, ತುಂಡು, ಪುಡಿ ಮೂರನ್ನೂ ತೂಗಿಸಿ. ಜರ್ಮನ್ ಸಿಲ್ವರ್ ಕೊಟ್ಟು ಕಲಿಸುತ್ತೇವೆ ಅಂದರೆ ಅದರಲ್ಲಿ ಬೆಳ್ಳಿ ಚೂರೂ ಇಲ್ಲ, ತಾಮ್ರ, ನಿಕ್ಕಲ್, ಸತು ಅಷ್ಟೇ ಅನ್ನುವುದು ಗೊತ್ತಿರಲಿ. ಮೊದಲು ತಾಮ್ರದ ತಗಡಿನಲ್ಲಿ ಕೈ ಪಳಗಿಸುವ ಗುರುಗಳು ಸಿಕ್ಕರೆ ಬಿಡಬೇಡಿ.

ಸೇರುವ ಮುನ್ನ ಒಮ್ಮೆ ಹೋಗಿ ನೋಡಿ. ಬೆಸುಗೆಯ ಪ್ಯಾಕೆಟ್ ತೋರಿಸಿ ಅನ್ನಿ. ಕ್ಯಾಡ್ಮಿಯಂ ಇಲ್ಲ ಅಂತ ತಯಾರಕರೇ ಬರೆದಿರಬೇಕು, ಕಲಿಸುವವರ ಬಾಯಿಮಾತು ಸಾಲದು. ಸೀಸ ಇರುವ ಮೆತ್ತನೆ ಬೆಸುಗೆಯೂ ಆ ಕೋಣೆಯಲ್ಲಿ ಇರಬಾರದು. ಹೊಗೆ ಎಳೆಯುವ ಕೊಳವೆ ಬೆಸೆಯುವ ಜಾಗದ ಪಕ್ಕದಲ್ಲೇ ಇದೆಯೇ ನೋಡಿ. ಚಾವಣಿಯ ಎಕ್ಸಾಸ್ಟ್ ಹೊಗೆಯನ್ನು ನಿಮ್ಮ ಮುಖದ ಮುಂದೆಯೇ ಎಳೆದೊಯ್ಯುತ್ತದೆ. ಬಟ್ಟೆ ಮಾಸ್ಕ್ ಈ ಹೊಗೆಯನ್ನು ತಡೆಯುವುದಿಲ್ಲ. ಪ್ರಶ್ನೆ ಕೇಳಿದ್ದಕ್ಕೆ ಮುಖ ಗಂಟಿಕ್ಕುವವರ ಹತ್ತಿರ ಕಲಿಯುವುದು ಬೇಡ. ಕೆಲಸ ಬಲ್ಲವರು ಇದನ್ನೆಲ್ಲ ನೀವು ಕೇಳುವ ಮೊದಲೇ ಹೇಳುತ್ತಾರೆ.

ಈಗಾಗಲೇ ಇಂಥ ಕಡೆ ಮಾಡಿದ ಪಾತ್ರೆ ಮನೆಯಲ್ಲಿದ್ದರೆ ಪರೀಕ್ಷೆ ಆಗುವವರೆಗೆ ಅದರಲ್ಲಿ ತಿನ್ನಬೇಡಿ, ಕುಡಿಯಬೇಡಿ. ಪರೀಕ್ಷೆಗೆ ಕೊಡುವಾಗ ಸೇರುವೆಯ ಮೇಲೆಯೇ ನೋಡಿ ಅಂತ ಬಾಯಿಬಿಟ್ಟು ಹೇಳಿ, ಮೈ ಮಾತ್ರ ನೋಡಿದರೆ ಶುದ್ಧ ಅಂತಲೇ ಬರುತ್ತದೆ. ಬಿಚ್ಚಿ ಬೇರೆ ಬೆಸುಗೆ ಹಾಕೋಣ ಅಂತ ಮನೆಯಲ್ಲಿ ಕಾಯಿಸಲು ಹೋಗಬೇಡಿ, ಕಾಯಿಸಿದರೆ ಅದೇ ಹೊಗೆ ಮತ್ತೆ ಏಳುತ್ತದೆ. ಕರಗಿಸಲು ಕೊಡುವುದಾದರೆ ಅದರಲ್ಲಿ ಕ್ಯಾಡ್ಮಿಯಂ ಇದೆ ಅಂತ ಕರಗಿಸುವವರಿಗೆ ಮೊದಲೇ ತಿಳಿಸಿ.