ಫಾಸ್ಟ್‌ಟ್ರ್ಯಾಕರ್ 2: ಡಾಸ್ ಕಾಲದ ಮೂಲವೂ ಈಗಿನ ಕ್ಲೋನೂ, ದೀರ್ಘ ಬಳಕೆಯ ನಂತರ

ಫಾಸ್ಟ್‌ಟ್ರ್ಯಾಕರ್ 2 ಅಂದರೆ ಸ್ಯಾಂಪಲ್‌ಗಳನ್ನು (ಧ್ವನಿಮುದ್ರಿತ ತುಣುಕುಗಳನ್ನು) ಸಾಲುಸಾಲಾಗಿ ಜೋಡಿಸಿ ಹಾಡು ಕಟ್ಟುವ ತಂತ್ರಾಂಶ, ಪಿಸಿಗಳ ಹಳೇ ಆಪರೇಟಿಂಗ್ ಸಿಸ್ಟಮ್ ಡಾಸ್‌ನ ಕಾಲದ್ದು. ಅದು ಮತ್ತೆ ಬೇಕು ಅನ್ನುವವರು ಮೊದಲು ಒಂದು ವಿಷಯ ತೀರ್ಮಾನಿಸಿಕೊಳ್ಳಬೇಕು. ಬೇಕಿರುವುದು ಆಗಿನ ಧ್ವನಿಯೋ, ಕೀಬೋರ್ಡ್‌ನಿಂದಲೇ ಸರಸರನೆ ಹಾಡು ಕಟ್ಟುವ ಆಗಿನ ಓಟವೋ? ಓಟ ಸಾಕು ಅಂದರೆ ಓಲಾವ್ ಸ್ಯೋರೆನ್ಸನ್ ಬರೆದ ಕ್ಲೋನ್ (ಮೂಲದಂತೆಯೇ ಹೊಸದಾಗಿ ಬರೆದ ನಕಲು) ಇಳಿಸಿಕೊಳ್ಳಿ. ಪುಕ್ಕಟೆ, ಸೋರ್ಸ್ ಕೋಡ್ ಮುಕ್ತ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಧ್ವನಿಯೇ ಬೇಕು ಅಂದರೆ ಕಥೆ ಬೇರೆ.

ಮೂಲ ತಂತ್ರಾಂಶ ಸ್ವೀಡನ್ನಿನ ಟ್ರೈಟನ್ ಗುಂಪಿನದು. ಫ್ರೆಡ್ರಿಕ್ ಹುಸ್, ಮ್ಯಾಗ್ನಸ್ ಹೊಗ್ದಾಲ್ ಇಬ್ಬರೂ ಪ್ಯಾಸ್ಕಲ್ ಮತ್ತು ಅಸೆಂಬ್ಲಿಯಲ್ಲಿ ಬರೆದು 1994ರಲ್ಲಿ ಹೊರಬಿಟ್ಟರು. 32 ಚಾನೆಲ್ (ಒಟ್ಟಿಗೆ ನುಡಿಯುವ ಧ್ವನಿಸಾಲು), 128 ಇನ್‌ಸ್ಟ್ರುಮೆಂಟ್, ಒಂದೊಂದರಲ್ಲಿ 16 ಸ್ಯಾಂಪಲ್. ಆದರೆ ಆ ಧ್ವನಿಯಲ್ಲಿ ಅರ್ಧ ಪಾಲು ಸೌಂಡ್ ಕಾರ್ಡಿನದು. ಗ್ರಾವಿಸ್ ಅಲ್ಟ್ರಾಸೌಂಡ್ ಕಾರ್ಡ್ ಮಿಕ್ಸಿಂಗನ್ನು ತಾನೇ ಮಾಡುತ್ತಿತ್ತು. 14 ಚಾನೆಲ್‌ವರೆಗೆ 44.1 ಕಿಲೋಹರ್ಟ್ಜ್, ಪೂರ್ತಿ 32 ತೆರೆದರೆ ಸುಮಾರು 19 ಕಿಲೋಹರ್ಟ್ಜ್‌ಗೆ ಇಳಿತ. ಚಾನೆಲ್ ಹೆಚ್ಚಿದಂತೆ ಹೈ-ಹ್ಯಾಟ್ ಮಂಕಾಗುತ್ತಿದ್ದದ್ದು ಇದಕ್ಕೇ. ಸೌಂಡ್ ಬ್ಲಾಸ್ಟರ್ ಇದ್ದವರಿಗೆ ಮಿಕ್ಸಿಂಗ್ ಹೊರೆ ಪ್ರೊಸೆಸರ್ ಮೇಲೆ. ಹೀಗಾಗಿ ಒಂದೇ ಎಕ್ಸ್‌ಎಂ ಫೈಲ್ (ಇದರ ಹಾಡಿನ ಫೈಲ್) ಇಬ್ಬರ ಮನೆಯಲ್ಲಿ ಎರಡು ಥರ ಕೇಳುತ್ತಿತ್ತು. ಕ್ಲೋನ್ ಸಾಫ್ಟ್‌ವೇರ್ ಮಿಕ್ಸಿಂಗ್ ಮಾಡುವುದರಿಂದ ಕಾರ್ಡಿನ ಆ ಮಂಕು ಅದರಲ್ಲಿ ಸಿಗದು. ಅಂದಿನ ಒರಟುತನ ಕೊಂಚ ಬೇಕಾದರೆ ಕಾನ್ಫಿಗ್‌ನಲ್ಲಿ (ಸೆಟ್ಟಿಂಗ್ ಪುಟದಲ್ಲಿ) ಧ್ವನಿ ನಯಗೊಳಿಸುವ ಇಂಟರ್‌ಪೊಲೇಶನ್ ಆಫ್ ಮಾಡಿ. ದನಿಯನ್ನು ಥಟ್ಟನೆ ಬದಲಿಸದೆ ಮೆಲ್ಲಗೆ ಏರಿಳಿಸುವ ವಾಲ್ಯೂಮ್ ರಾಂಪಿಂಗ್ ಮಾತ್ರ ಆನ್ ಇರಲಿ, ಇಲ್ಲದಿದ್ದರೆ ಸ್ವರ ಬದಲಾದಾಗೆಲ್ಲ ಚಟಕ್ ಎನ್ನುತ್ತದೆ.

ಓಟದ ವಿಷಯಕ್ಕೆ ಬಂದರೆ ಇವತ್ತಿಗೂ ಇದಕ್ಕೆ ಸಾಟಿ ಕಡಿಮೆ. ಸ್ಪೇಸ್ ಒತ್ತಿದರೆ ಎಡಿಟ್, ಕೆಳಸಾಲಿನ ಝಡ್ ಕೀ ಷಡ್ಜ, ಎಫ್1ರಿಂದ ಎಫ್7 ಆಕ್ಟೇವ್, ಬಲಗಡೆ ಕಂಟ್ರೋಲ್ ಇಡೀ ಹಾಡು ನುಡಿಸುತ್ತದೆ, ಬಲಗಡೆ ಆಲ್ಟ್ ಬರೀ ಈ ಪ್ಯಾಟರ್ನ್ (ಹಾಡಿನ ಒಂದು ತುಂಡು, ಸ್ವರಗಳ ಸಾಲುಪಟ್ಟಿ). ಕತ್ತರಿಸಲು ಎಫ್3, ನಕಲಿಗೆ ಎಫ್4, ಅಂಟಿಸಲು ಎಫ್5. ಜೊತೆಗೆ ಶಿಫ್ಟ್ ಹಿಡಿದರೆ ಟ್ರ್ಯಾಕ್, ಕಂಟ್ರೋಲ್ ಹಿಡಿದರೆ ಪ್ಯಾಟರ್ನ್, ಆಲ್ಟ್ ಹಿಡಿದರೆ ಗುರುತು ಮಾಡಿದ ಬ್ಲಾಕ್. ಲಿನಕ್ಸ್‌ನಲ್ಲಿ ಇಲ್ಲೇ ಎಡವಟ್ಟು: ಬ್ಲಾಕ್ ನಕಲಿಗೆಂದು ಆಲ್ಟ್-ಎಫ್4 ಒತ್ತಿದರೆ ಕೆಲವು ಡೆಸ್ಕ್‌ಟಾಪ್‌ಗಳು ವಿಂಡೋವನ್ನೇ ಮುಚ್ಚಲು ಹೊರಡುತ್ತವೆ. ಡೆಸ್ಕ್‌ಟಾಪ್‌ನ ಶಾರ್ಟ್‌ಕಟ್ ಪಟ್ಟಿಯಿಂದ ಅದನ್ನು ಮೊದಲೇ ತೆಗೆದುಬಿಡಿ. ಲ್ಯಾಪ್‌ಟಾಪ್‌ನಲ್ಲಿ ಎಫ್ ಕೀಗಳು ಬ್ರೈಟ್‌ನೆಸ್ ಬದಲಿಸುತ್ತಿದ್ದರೆ ಫಂಕ್ಷನ್ ಲಾಕ್ ಹಾಕಿ. ಪ್ಯಾಟರ್ನ್ ಎಡಿಟರ್‌ನಲ್ಲಿ ಅಂಡೂ ಇಲ್ಲ ಎಂಬುದನ್ನು ಮಾತ್ರ ಯಾವ ಸೆಟ್ಟಿಂಗೂ ಸರಿಪಡಿಸದು, ಹೊಸ ಹೆಸರಲ್ಲಿ ಆಗಾಗ ಸೇವ್ ಮಾಡುತ್ತಿರಬೇಕು.

ಲಯದ ಲೆಕ್ಕ ಹೊಸಬರನ್ನು ಸುಸ್ತು ಮಾಡುತ್ತದೆ. ಆರಂಭದ ಅಳತೆ ಸ್ಪೀಡ್ (ಒಂದು ಸಾಲಿಗೆ ಎಷ್ಟು ಟಿಕ್) 6, ಬಿಪಿಎಂ (ನಿಮಿಷಕ್ಕೆ ಎಷ್ಟು ಬೀಟ್) 125. ಒಂದು ಟಿಕ್ ಅಂದರೆ 2.5 ಅನ್ನು ಬಿಪಿಎಂನಿಂದ ಭಾಗಿಸಿದಷ್ಟು ಸೆಕೆಂಡು, ಇಲ್ಲಿ 20 ಮಿಲಿಸೆಕೆಂಡು. ಆರು ಟಿಕ್‌ಗೆ ಒಂದು ಸಾಲು, 120 ಮಿಲಿಸೆಕೆಂಡು. ತೆರೆಯ ಮೇಲಿನ ಬಿಪಿಎಂ ನಿಜವಾಗುವುದು ಸ್ಪೀಡ್ 6 ಇದ್ದು ನಾಲ್ಕು ಸಾಲಿಗೊಂದು ಬೀಟ್ ಇಟ್ಟಾಗ ಮಾತ್ರ. ಸ್ಪೀಡ್ 3 ಮಾಡಿದರೆ ಅದೇ 125 ಕಿವಿಗೆ 250. ಸ್ವರದ ಪಕ್ಕದಲ್ಲಿ ಆದೇಶ ಬರೆಯುವ ಎಫೆಕ್ಟ್ ಕಾಲಂನಲ್ಲಿ ಹೆಕ್ಸ್ (ಹದಿನಾರರ) ಲೆಕ್ಕ: 125ಕ್ಕೆ ಎಫ್7ಡಿ, ಅಂದರೆ ಎಫ್ ಎಫೆಕ್ಟ್, ಬೆಲೆ 7ಡಿ. ಎಫ್20ಕ್ಕಿಂತ ಕಡಿಮೆ ಬರೆದರೆ ಅದು ಬಿಪಿಎಂ ಅಲ್ಲ, ಸ್ಪೀಡ್ ಆಗುತ್ತದೆ; 6ಕ್ಕಿಂತ ದೊಡ್ಡದಾದರೆ ಹಾಡು ತೆವಳತೊಡಗುತ್ತದೆ. ಇದರ ನಡುವೆ ಪ್ಯಾಟರ್ನ್ ಬ್ರೇಕ್ (ಮುಂದಿನ ಪ್ಯಾಟರ್ನ್‌ಗೆ ಹಾರುವ ಡಿ ಎಫೆಕ್ಟ್) ಮಾತ್ರ ದಶಮಾಂಶ. ಡಿ10 ಹಾರುವುದು ಹತ್ತನೇ ಸಾಲಿಗೆ, ಹದಿನಾರಕ್ಕಲ್ಲ. ಯಾಕೆ ಹೀಗೆ ಅಂತ ತಲೆ ಕೆಡಿಸಿಕೊಳ್ಳಬೇಡಿ, ಅಮಿಗಾ ಎಂಬ ಹಳೇ ಕಂಪ್ಯೂಟರ್ ಕಾಲದ ಬಳುವಳಿ.

ನಮ್ಮ ಸಂಗೀತಕ್ಕೆ ಬಳಸುವವರಿಗೆ ಎರಡು ಅನುಕೂಲ. ಪ್ಯಾಟರ್ನ್ ಉದ್ದ 64 ಸಾಲೇ ಇರಬೇಕೆಂದಿಲ್ಲ. ಮಿಶ್ರಛಾಪುವಿಗೆ 56 ಸಾಲು, ಅಂದರೆ ಹೆಕ್ಸ್ 38. ಖಂಡಛಾಪುವಿಗೆ 40 ಸಾಲು, ಹೆಕ್ಸ್ 28. ಎರಡನೆಯದು ಶ್ರುತಿ. ಇ5 ಎಫೆಕ್ಟ್ ಸ್ವರವನ್ನು ಅರ್ಧಸ್ವರದ ಎಂಟನೇ ಒಂದು ಭಾಗದಷ್ಟು, ಅಂದರೆ 12.5 ಸೆಂಟ್ (ಅರ್ಧಸ್ವರಕ್ಕೆ 100 ಸೆಂಟ್) ಹೆಜ್ಜೆಯಲ್ಲಿ ಸರಿಸುತ್ತದೆ. ಇ58 ಅಂದರೆ ಸರಿಯಾದ ನಡು, ಸ್ವರ ಸರಿಯುವುದಿಲ್ಲ. ಅಂತರ ಗಾಂಧಾರ ತಂಬೂರಿಯ ಜೊತೆ ಕೂಡಬೇಕಾದರೆ ಸುಮಾರು 14 ಸೆಂಟ್ ಇಳಿಯಬೇಕು, ಇ57 ಹಾಕಿದರೆ ಕಿವಿ ಒಪ್ಪುತ್ತದೆ. ಸ್ವರ ಬರೆದ ಸಾಲಿನಲ್ಲೇ ಹಾಕಬೇಕು, ಖಾಲಿ ಸಾಲಿನಲ್ಲಿ ಹಾಕಿದರೆ ಏನೂ ಆಗದು. ಜಾರಿಗೆ 3ನೇ ಎಫೆಕ್ಟ್ ಇದೆ. ಕಂಪಿತಕ್ಕೆ 4ನೆಯದು ಇದ್ದರೂ ತೋಡಿಯ ಗಾಂಧಾರ ಅದರಿಂದ ಬರುತ್ತದೆ ಅಂತ ಆಸೆ ಇಟ್ಟುಕೊಳ್ಳಬೇಡಿ.

ಸ್ಯಾಂಪಲ್‌ಗಳೆಲ್ಲ ಮೋನೋ. 44,100 ಹರ್ಟ್ಜ್ ರೆಕಾರ್ಡಿಂಗ್ ಹಾಕಿದಾಗ ಶ್ರುತಿ ತಪ್ಪಿದ್ದರೆ ಸ್ಯಾಂಪಲ್‌ನ ಶ್ರುತಿ ಹೊಂದಿಸುವ ರಿಲೇಟಿವ್ ನೋಟ್ ಎಫ್-6, ಫೈನ್‌ಟ್ಯೂನ್ ಮೈನಸ್ 28 ಇದೆಯೇ ನೋಡಿ, ಏಕೆಂದರೆ ಇಲ್ಲಿ ಸಿ-4 ಸ್ವರಕ್ಕೆ ಸ್ಯಾಂಪಲ್ ಓಡುವ ವೇಗ 8,363 ಹರ್ಟ್ಜ್. ತಂಬೂರಿ ಲೂಪ್ ಸೇರುವಲ್ಲಿ ಚಟ್ ಎಂದರೆ ಎರಡು ತುದಿಗಳನ್ನು ಬೆಸೆಯುವ ಸ್ಯಾಂಪಲ್ ಎಡಿಟರ್‌ನ ಎಕ್ಸ್-ಫೇಡ್ ಒತ್ತಿ. ಕ್ಯಾಪ್ಸ್ ಲಾಕ್‌ನಿಂದ ಕೀ-ಆಫ್ (ಸ್ವರ ಬಿಡುವ ಗುರುತು) ಹಾಕಿದೊಡನೆ ಸ್ವರ ಕತ್ತರಿಸಿದಂತೆ ನಿಂತರೆ ವಾಲ್ಯೂಮ್ ಎನ್ವಲಪ್ (ದನಿ ಏರಿಳಿಯುವ ಗೆರೆ) ಆಫ್ ಇದೆ ಎಂದೇ ಅರ್ಥ. ಅದನ್ನು ಆನ್ ಮಾಡಿ, ಕೀ-ಆಫ್‌ವರೆಗೆ ದನಿ ನಿಲ್ಲುವ ಒಂದು ಸಸ್ಟೈನ್ ಬಿಂದು ಇಟ್ಟು, ಫೇಡ್‌ಔಟ್ 080ರಿಂದ ಶುರುಮಾಡಿ ಕಿವಿಯಿಂದ ಹೊಂದಿಸಿ.

ಕ್ಲೋನ್ ಮೂಲದ ದೋಷಗಳನ್ನೂ ನಿಯತ್ತಾಗಿ ಉಳಿಸಿಕೊಂಡಿದೆ. ಇ60 ಲೂಪ್ ಗುರುತು ಪ್ಯಾಟರ್ನ್ ನಡುವೆ ಇದ್ದರೆ ಮುಂದಿನ ಪ್ಯಾಟರ್ನ್ ಮೊದಲ ಸಾಲಿನ ಬದಲು ಅದೇ ಸಾಲಿನಿಂದ ಶುರುವಾಗುತ್ತದೆ. ಇದು ದೋಷ ನಿಜ, ಆದರೆ ಹಳೇ ಹಾಡುಗಳು ಇದನ್ನು ನಂಬಿಕೊಂಡೇ ಬರೆದಿರಬಹುದಾದ್ದರಿಂದ ತಿದ್ದದೆ ಬಿಟ್ಟಿದ್ದು ಸರಿ. ವಿಎಸ್‌ಟಿ ಪ್ಲಗಿನ್ (ಹೊರಗಿನಿಂದ ಸೇರಿಸುವ ವಾದ್ಯ, ಎಫೆಕ್ಟ್) ಬೇಕು, ಹಾಡುಗಾರರ ದನಿ ನೇರ ಮಲ್ಟಿಟ್ರ್ಯಾಕ್‌ನಲ್ಲಿ ಹಿಡಿಯಬೇಕು ಅನ್ನುವವರಿಗೆ ಇದು ಬೇಡ. ಅಂಥವರು ಇಲ್ಲಿ ತಾಳವಾದ್ಯ ಕಟ್ಟಿ, ಡಿಸ್ಕ್ ಆಪ್‌ನಿಂದ (ಫೈಲ್ ತೆರೆಯುವ, ಉಳಿಸುವ ಪುಟ) ವೇವ್ ಫೈಲ್ ತೆಗೆದು, ಉಳಿದದ್ದನ್ನು ಬೇರೆಡೆ ಮಾಡಿಕೊಳ್ಳಲಿ. ತೆಗೆಯುವಾಗ ಧ್ವನಿ ಒಡೆದರೆ ಆಂಪ್ಲಿಫಿಕೇಶನ್ ಎರಡು ಮೂರು ಮೆಟ್ಟಿಲು ಇಳಿಸಿ.