ಸಲಿಗೆ ಬೇರೆ, ನಂಬಿಕೆ ಬೇರೆ: ಬೋಧಕರಿಗಾಗಿ ಇರುವ ಆನ್‌ಲೈನ್ ತರಬೇತಿಯ ವಿಮರ್ಶೆ

ವಿದ್ಯಾರ್ಥಿಗಳ ವಿಶ್ವಾಸ ಗಳಿಸುವುದು ಹೇಗೆ ಎಂಬ ಒಂದೇ ವಿಷಯವನ್ನು ಹಿಡಿದು ರೂಪಿಸಿರುವ ಈ ತರಬೇತಿಯನ್ನು, ವಯಸ್ಕರಿಗೆ ಲೆಕ್ಕಪತ್ರ ನಿರ್ವಹಣೆ ಕಲಿಸುವ ಬೋಧಕನಾಗಿ ನಾನು ಮೊದಲಿನಿಂದ ಕೊನೆಯವರೆಗೆ ಮುಗಿಸಿದ್ದೇನೆ. ವಿಡಿಯೊ ಪಾಠಗಳು, ನಿಜವಾದ ತರಗತಿಗಳ ಚಿತ್ರೀಕರಣ, ಪ್ರತಿ ಘಟಕದ ಕೊನೆಯಲ್ಲಿ ನಮ್ಮದೇ ತರಗತಿಯಲ್ಲಿ ಮಾಡಿ ನೋಡಿ ವರದಿ ಬರೆಯಬೇಕಾದ ಒಂದು ಅಭ್ಯಾಸ, ಇಷ್ಟು ಇದರ ಸ್ವರೂಪ. ಐದಕ್ಕೆ ಮೂರೂವರೆ ಅಂಕ ಕೊಡುತ್ತಿದ್ದೇನೆ. ಬೋಧಕ ಏನು ಮಾಡಬೇಕು ಎಂದು ತೋರಿಸುವ ಪಾಠಗಳು ಬಹಳ ಚೆನ್ನಾಗಿವೆ. ಬೋಧಕ ಹೇಗೆ ಇಷ್ಟವಾಗಬೇಕು ಎಂದು ಹೇಳುವ ಪಾಠಗಳಿಗೆ ಅಷ್ಟು ಸಮಯ ಕೊಡುವ ಅಗತ್ಯವಿರಲಿಲ್ಲ.

ಇಡೀ ತರಬೇತಿಯಲ್ಲಿ ನನಗೆ ಹೆಚ್ಚು ಉಪಯೋಗಕ್ಕೆ ಬಂದದ್ದು ಪ್ರಶ್ನೆ ಕೇಳಿದ ಮೇಲೆ ಕಾಯುವುದರ ಕುರಿತ ಘಟಕ. ಅಮೆರಿಕದ ವಿಜ್ಞಾನ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ಪ್ರಕಟಿಸಿದ ಅಧ್ಯಯನಗಳು ಇದಕ್ಕೆ ಆಧಾರ. ಶಿಕ್ಷಕರು ಪ್ರಶ್ನೆ ಕೇಳಿ ಸಾಮಾನ್ಯವಾಗಿ ಸುಮಾರು 1 ಸೆಕೆಂಡು ಮಾತ್ರ ಕಾಯುತ್ತಾರೆ, ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದರೂ ಸಾಕು, ಉತ್ತರಗಳು ದೀರ್ಘವಾಗುತ್ತವೆ, ತಾವಾಗಿಯೇ ಬಾಯಿ ತೆರೆಯುವವರ ಸಂಖ್ಯೆ ಏರುತ್ತದೆ ಎಂಬುದನ್ನು ಅವರು ಕಂಡುಕೊಂಡರು. ಇದು ಶಿಕ್ಷಕ ವೃತ್ತಿಯಲ್ಲಿರುವ ಅನೇಕರಿಗೆ ಗೊತ್ತಿರುವ ಸಂಗತಿಯೇ. ಅದೇ ಅಧ್ಯಯನಗಳಲ್ಲಿ ಕಂಡ ಇನ್ನೊಂದು ಅಂಶವನ್ನು, ಅಂದರೆ ತಾವು ದಡ್ಡರೆಂದು ಭಾವಿಸಿದ ಮಕ್ಕಳಿಗೆ ಶಿಕ್ಷಕರು ಇನ್ನೂ ಕಡಿಮೆ ಸಮಯ ಕೊಡುತ್ತಿದ್ದರು ಎಂಬುದನ್ನು, ಈ ತರಬೇತಿ ಮುಂದೆ ತಂದು ನಿಲ್ಲಿಸುತ್ತದೆ. ನಂಬಿಕೆಯ ಪ್ರಶ್ನೆ ಹುಟ್ಟುವುದೇ ಅಲ್ಲಿ.

ಇದನ್ನು ತೋರಿಸಲು ಬಳಸಿರುವ ಚಿತ್ರೀಕರಣವನ್ನು ವಿಶೇಷವಾಗಿ ಮೆಚ್ಚಿದೆ. ಶಿಕ್ಷಕಿಯೊಬ್ಬರು ಪ್ರಶ್ನೆ ಕೇಳುತ್ತಾರೆ, ಮುಂದಿನ ಸಾಲಿನಲ್ಲಿ ಒಂದು ಕೈ ಮೇಲೇಳುತ್ತದೆ, ಉತ್ತರ ಬರುತ್ತದೆ, ಪಾಠ ಮುಂದುವರಿಯುತ್ತದೆ. ಮೊದಲ ನೋಟಕ್ಕೆ ಎಲ್ಲವೂ ಸುಸೂತ್ರ. ಅದೇ ತುಣುಕನ್ನು ಎರಡನೆಯ ಸಲ ನಿಧಾನಗೊಳಿಸಿ, ಮೂಲೆಯಲ್ಲಿ ಸೆಕೆಂಡುಗಳನ್ನು ಎಣಿಸುತ್ತಾ ತೋರಿಸಿದಾಗ, ಕೊನೆಯ ಸಾಲಿನ ಹುಡುಗನೊಬ್ಬ ತಲೆ ಎತ್ತಿ, ತುಟಿ ತೆರೆದು, ಶಿಕ್ಷಕಿಯ ದೃಷ್ಟಿ ಆಗಲೇ ಬೇರೆಡೆ ಹೋಗಿರುವುದನ್ನು ನೋಡಿ, ಪೆನ್ನಿನ ಮುಚ್ಚಳವನ್ನು ಮತ್ತೆ ಹಾಕಿಕೊಳ್ಳುವುದು ಕಾಣುತ್ತದೆ. ಶಿಕ್ಷಕಿ ಅವನನ್ನು ಗದರಿಸಿಲ್ಲ, ಅವಮಾನಿಸಿಲ್ಲ, ನೋಡಿಯೇ ಇಲ್ಲ. ಹೀಗೆ ದಿನವೂ ನಡೆದರೆ ತನ್ನ ಉತ್ತರ ಇಲ್ಲಿ ಯಾರಿಗೂ ಬೇಕಿಲ್ಲ ಎಂದು ಆ ಹುಡುಗ ತೀರ್ಮಾನಿಸಲು ಬೇರೆ ಕಾರಣ ಬೇಕಾಗುವುದಿಲ್ಲ. ಮೇಲೆ ವಿವರಣೆಯ ಧ್ವನಿಯನ್ನು ಹೇರದೆ ಇದನ್ನು ಹಾಗೆಯೇ ಬಿಟ್ಟಿರುವುದು ಜಾಣತನ.

ತಿದ್ದುವಿಕೆಯ ಘಟಕವೂ ಇದೇ ಮಟ್ಟದ್ದು. ಅಮೆರಿಕದ ಮನೋವಿಜ್ಞಾನಿಗಳಾದ ಡೇವಿಡ್ ಯೀಗರ್, ಜೆಫ್ರಿ ಕೋಹೆನ್ ಮತ್ತು ಸಂಗಡಿಗರು 2014ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಶಾಲಾ ಮಕ್ಕಳ ಪ್ರಬಂಧಗಳನ್ನು ತಿದ್ದಿ ಹಿಂದಿರುಗಿಸುವಾಗ ಒಂದು ಚೀಟಿಯನ್ನು ಸೇರಿಸಲಾಗಿತ್ತು. ಕೆಲವರ ಚೀಟಿಯಲ್ಲಿ ಸಾಧಾರಣ ಮಾತು. ಉಳಿದವರ ಚೀಟಿಯಲ್ಲಿ, ನನ್ನ ನಿರೀಕ್ಷೆ ದೊಡ್ಡದು, ಅದನ್ನು ನೀನು ಮುಟ್ಟಬಲ್ಲೆ ಎಂದು ನನಗೆ ಗೊತ್ತು, ಅದಕ್ಕೇ ಇಷ್ಟು ತಿದ್ದಿದ್ದೇನೆ ಎಂಬ ಆಶಯದ ಮಾತು. ಎರಡನೆಯ ಚೀಟಿ ಪಡೆದ ಕಪ್ಪು ವರ್ಣೀಯ ಮಕ್ಕಳಲ್ಲಿ ಪ್ರಬಂಧವನ್ನು ಮತ್ತೆ ಬರೆದು ತಂದವರ ಪ್ರಮಾಣ ಗಣನೀಯವಾಗಿ ಏರಿತು, ಶಾಲೆಯ ಮೇಲೆ ಅಪನಂಬಿಕೆ ಹೆಚ್ಚಿದ್ದವರಲ್ಲಿ ಪರಿಣಾಮವೂ ಹೆಚ್ಚಾಗಿ ಕಂಡಿತು. ಇಂಥ ಫಲಿತಾಂಶ ಕೈಗೆ ಸಿಕ್ಕರೆ ಆ ವಾಕ್ಯವನ್ನೇ ಮಂತ್ರದಂತೆ ಎಲ್ಲ ಉತ್ತರಪತ್ರಿಕೆಗಳ ಮೇಲೂ ಬರೆಯಿರಿ ಎಂದು ಹೇಳಿಬಿಡುವ ಅಪಾಯವಿದೆ. ತರಬೇತಿ ಹಾಗೆ ಮಾಡುವುದಿಲ್ಲ. ಚೀಟಿಯ ಜೊತೆಗೆ ಗಂಭೀರವಾದ, ವಿವರವಾದ ತಿದ್ದುಪಡಿ ಇತ್ತು, ಅದಿಲ್ಲದೆ ಆ ಮಾತಿಗೆ ಬೆಲೆಯಿಲ್ಲ ಎಂಬುದನ್ನು ಒತ್ತಿ ಹೇಳುತ್ತದೆ.

ನನ್ನ ತರಗತಿಯಲ್ಲಿ ಈ ಅಭ್ಯಾಸವನ್ನು ಮಾಡಿ ನೋಡಿದೆ. ಯಂತ್ರದ ಸವಕಳಿಯ ನಮೂದಿನಲ್ಲಿ ಡೆಬಿಟ್ ಮತ್ತು ಕ್ರೆಡಿಟ್ ಅದಲುಬದಲಾಗುವುದು ಹೊಸಬರಲ್ಲಿ ಬಹಳ ಸಾಮಾನ್ಯ. ಅಲ್ಲಿ ಕೆಂಪು ಶಾಯಿಯಲ್ಲಿ ಒಂದು ಗೀಟು ಎಳೆದು ಮುಂದೆ ಹೋಗುವುದು ಸುಲಭ. ಅದರ ಬದಲು, ‘ಸವಕಳಿಯ ಮೊತ್ತವನ್ನು ಸರಿಯಾಗಿ ತೆಗೆದಿದ್ದೀರಿ. ಅದು ವೆಚ್ಚವಾದ್ದರಿಂದ ಡೆಬಿಟ್ ಬದಿಗೆ ಬರಬೇಕು, ಯಂತ್ರದ ಖಾತೆ ಕ್ರೆಡಿಟ್ ಆಗಬೇಕು. ಮುಂದಿನ ಲೆಕ್ಕವನ್ನು ಹೀಗೆಯೇ ಮಾಡಿ ನನಗೆ ತೋರಿಸಿ’ ಎಂದು ಬರೆದರೆ, ಬೋಧಕ ತನ್ನ ಲೆಕ್ಕವನ್ನು ಸಾಲು ಸಾಲಾಗಿ ಓದಿದ್ದಾನೆ ಎಂಬುದು ವಿದ್ಯಾರ್ಥಿಗೆ ತಿಳಿಯುತ್ತದೆ. ತರಗತಿಯಲ್ಲಿ ಸುಮ್ಮನಿರುತ್ತಿದ್ದವರು ಪಾಠ ಮುಗಿದ ಮೇಲೆ ಪುಸ್ತಕ ಹಿಡಿದು ಬರತೊಡಗಿದರು. ತಿದ್ದಲು ಹಿಡಿಯುವ ಸಮಯ ಮಾತ್ರ ಬಹಳ ಹೆಚ್ಚಾಯಿತು. ದೊಡ್ಡ ತರಗತಿಯಿರುವವರು ಅದನ್ನು ಹೇಗೆ ಹೊಂದಿಸಬೇಕು ಎಂಬುದಕ್ಕೆ ತರಬೇತಿಯಲ್ಲಿ ಒಂದು ಮಾತೂ ಇಲ್ಲ.

ಹೆಸರು ಹಿಡಿದು ಕರೆಯುವುದು, ಮೇಜಿನ ಮೇಲೆ ಮಡಚಿದ ಹೆಸರಿನ ಕಾರ್ಡು ಇಡಿಸುವುದು ಮುಂತಾದವುಗಳ ಪಾಠ ಚಿಕ್ಕದಾಗಿ, ಚೊಕ್ಕದಾಗಿ ಮುಗಿಯುತ್ತದೆ. ಅದರ ನಂತರ ಬರುವ ಸಲಿಗೆಯ ಪಾಠಗಳ ಬಗ್ಗೆಯೇ ನನ್ನ ತಕರಾರು. ನಗಿಸಿ, ನಿಮ್ಮ ಬದುಕಿನ ಕತೆ ಹೇಳಿ, ಅವರ ಇಷ್ಟಾನಿಷ್ಟಗಳನ್ನು ಕೇಳಿ, ನಿಮ್ಮಿಬ್ಬರಲ್ಲಿ ಸಮಾನವಾದುದನ್ನು ಹುಡುಕಿ ಎಂಬ ಸಲಹೆಗಳು ಒಂದರ ಹಿಂದೆ ಒಂದು ಬರುತ್ತವೆ. ಇವು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಬೋಧಕ ಮತ್ತು ವಿದ್ಯಾರ್ಥಿಯ ನಡುವೆ ಅಂಕಪಟ್ಟಿ ಇದೆ. ಅಂಕ ಹಾಕುವವನು ಎಷ್ಟೇ ನಗುನಗುತ್ತಾ ಮಾತಾಡಿದರೂ, ಅದೇ ಉತ್ತರಕ್ಕೆ ಒಬ್ಬನಿಗೆ ಆರು, ಇನ್ನೊಬ್ಬನಿಗೆ ನಾಲ್ಕು ಕೊಟ್ಟ ದಿನ ಆ ನಗುವಿನ ಅರ್ಥವೇ ಬದಲಾಗುತ್ತದೆ. ಮುಖ ಗಂಟಿಕ್ಕಿಕೊಂಡೇ ಪಾಠ ಮಾಡುತ್ತಿದ್ದರೂ, ಮೌಲ್ಯಮಾಪನದ ಮಾನದಂಡವನ್ನು ಮೊದಲೇ ಹೇಳಿ, ಅದರಂತೆಯೇ ನಡೆದು, ಕೊಡುತ್ತೇನೆಂದ ದಿನ ಪತ್ರಿಕೆ ಹಿಂದಿರುಗಿಸಿದ ಬೋಧಕರನ್ನು ವಿದ್ಯಾರ್ಥಿಗಳು ಗಟ್ಟಿಯಾಗಿ ನಂಬಿದ್ದನ್ನು ನಾವೆಲ್ಲ ನೋಡಿದ್ದೇವೆ.

ಮರುಮೌಲ್ಯಮಾಪನ ಕೇಳಿಕೊಂಡು ಬಂದ ವಿದ್ಯಾರ್ಥಿಯೊಡನೆ ಹೇಗೆ ನಡೆದುಕೊಳ್ಳಬೇಕು, ಬೋಧಕನ ಲೆಕ್ಕವೇ ತಪ್ಪಿದ್ದರೆ ಅದನ್ನು ಎಲ್ಲರೆದುರು ಹೇಗೆ ಸರಿಪಡಿಸಬೇಕು ಎಂಬ ವಿಷಯಕ್ಕೆ ಇಲ್ಲಿ ಸಿಕ್ಕಿರುವುದು ಒಂದು ತೆಳು ಪಾಠ, ಅದೂ ಕೊನೆಯಲ್ಲಿ. ಒಡೆದ ವಿಶ್ವಾಸವನ್ನು ಕೂಡಿಸುವುದು ಹೊಸದಾಗಿ ಗಳಿಸುವುದಕ್ಕಿಂತ ಕಷ್ಟದ ಕೆಲಸವಾದ್ದರಿಂದ ಈ ಅನುಪಾತ ತಲೆಕೆಳಗಾಗಿದೆ ಎಂದೇ ನನ್ನ ಅಭಿಪ್ರಾಯ.

ಸಂಶೋಧನೆಗಳನ್ನು ಬಳಸುವಲ್ಲಿಯೂ ಒಂದು ಕಡೆ ಅವಸರ ಕಾಣುತ್ತದೆ. ಅಮೆರಿಕದ ಮನೋವಿಜ್ಞಾನಿ ರಾಬರ್ಟ್ ರೋಸೆಂಥಾಲ್ ಮತ್ತು ಶಾಲಾ ಮುಖ್ಯಸ್ಥೆ ಲೆನೋರ್ ಜೇಕಬ್ಸನ್ 1968ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನಬಂದಂತೆ ಆರಿಸಿದ ಸುಮಾರು ಶೇಕಡ 20ರಷ್ಟು ಮಕ್ಕಳ ಹೆಸರುಗಳನ್ನು ಶಿಕ್ಷಕರಿಗೆ ಕೊಟ್ಟು, ಇವರು ಈ ವರ್ಷ ವಿಶೇಷ ಪ್ರಗತಿ ತೋರಿಸಲಿದ್ದಾರೆ ಎಂದು ನಂಬಿಸಲಾಗಿತ್ತು. ಶಿಕ್ಷಕರ ನಿರೀಕ್ಷೆಯೊಂದೇ ಎಲ್ಲ ಮಕ್ಕಳನ್ನೂ ಮೇಲೆತ್ತಿತು ಎಂಬಂತೆ ತರಬೇತಿ ಈ ಪ್ರಯೋಗವನ್ನು ವರ್ಣಿಸುತ್ತದೆ. ಆದರೆ ಸ್ಪಷ್ಟ ಪರಿಣಾಮ ಕಂಡದ್ದು ಮುಖ್ಯವಾಗಿ 1 ಮತ್ತು 2ನೆಯ ತರಗತಿಯ ಮಕ್ಕಳಲ್ಲಿ, ಆಮೇಲೆ ಈ ಪ್ರಯೋಗದ ವಿಧಾನದ ಬಗ್ಗೆ ದೀರ್ಘ ವಾಗ್ವಾದವೇ ನಡೆದಿದೆ. ಕೇಳುವವರೂ ಬೋಧಕರೇ ಆಗಿರುವಾಗ ಇಷ್ಟನ್ನು ಹೇಳಿದ್ದರೆ ತರಬೇತಿಯ ಮೇಲಿನ ವಿಶ್ವಾಸ ಹೆಚ್ಚುತ್ತಿತ್ತೇ ಹೊರತು ಕಡಿಮೆಯಾಗುತ್ತಿರಲಿಲ್ಲ.

ಇನ್ನು ಸೇವೆಯ ವಿಚಾರ. ವಿಡಿಯೊಗಳ ಗುಣಮಟ್ಟ, ಉಪಶೀರ್ಷಿಕೆ, ಮೊಬೈಲಿನಲ್ಲಿ ನೋಡುವ ಅನುಕೂಲ ಯಾವುದರಲ್ಲೂ ಕೊರತೆಯಿಲ್ಲ. ಆದರೆ ನಾವು ಬರೆದು ಕಳುಹಿಸಿದ ವರದಿಗಳಿಗೆ ಬಂದ ಪ್ರತಿಕ್ರಿಯೆಗಳು ನಿರಾಸೆ ಹುಟ್ಟಿಸಿದವು. ನನ್ನ ಒಂದು ವರದಿಯಲ್ಲಿ, ಕಾಯುವ ಅಭ್ಯಾಸ ಮಾಡಿದಾಗ ತರಗತಿಯಲ್ಲಿ ಮುಜುಗರದ ಮೌನ ಉಂಟಾಯಿತು, ಅದನ್ನು ಹೇಗೆ ನಿಭಾಯಿಸಲಿ ಎಂದು ನೇರವಾಗಿ ಕೇಳಿದ್ದೆ. ‘ಉತ್ತಮ ಅವಲೋಕನ, ಹೀಗೆಯೇ ಮುಂದುವರಿಸಿ’ ಎಂಬ ಉತ್ತರ ಬಂತು. ಅದೇ ವಾಕ್ಯ ನನ್ನ ಸಹೋದ್ಯೋಗಿಯ ವರದಿಯ ಕೆಳಗೂ ಇತ್ತು. ವಿವರವಾಗಿ ತಿದ್ದಬೇಕೆಂದು ಒಂದಿಡೀ ಘಟಕದಲ್ಲಿ ಬೋಧಿಸಿದ ಸಂಸ್ಥೆ ತನ್ನ ಕಲಿಕಾರ್ಥಿಗಳ ಬರಹವನ್ನು ಓದುವುದೇ ಇಲ್ಲವೇನೋ ಎಂಬ ಅನುಮಾನ ಬರುವಂತಾಗಬಾರದಿತ್ತು. ನಾನು ಕಡಿತ ಮಾಡಿರುವ ಒಂದೂವರೆ ಅಂಕದಲ್ಲಿ ಒಂದು ಅಂಕ ಇದೊಂದಕ್ಕೇ.

ಹೊಸದಾಗಿ ಬೋಧನೆಗೆ ಇಳಿದವರಿಗೆ ಈ ತರಬೇತಿಯನ್ನು ಧಾರಾಳವಾಗಿ ಶಿಫಾರಸು ಮಾಡುತ್ತೇನೆ. ಹಲವು ವರ್ಷ ಕಲಿಸಿದವರು ಕಾಯುವಿಕೆ ಮತ್ತು ತಿದ್ದುವಿಕೆಯ ಘಟಕಗಳನ್ನು ಗಮನವಿಟ್ಟು ನೋಡಿ, ಸಲಿಗೆಯ ಪಾಠಗಳ ಮೇಲೆ ಕಣ್ಣಾಡಿಸಿದರೆ ಸಾಕು. ಸಾಧ್ಯವಾದರೆ ಅದೇ ವಿಷಯ ಕಲಿಸುವ ಇನ್ನೊಬ್ಬರೊಡನೆ ಸೇರಿಕೊಳ್ಳಿ, ವರದಿಗಳನ್ನು ಪರಸ್ಪರ ಓದಿ ತಿದ್ದಿಕೊಳ್ಳಿ. ಮೌನದ ಬಗ್ಗೆ ನಾನು ಕೇಳಿದ್ದ ಪ್ರಶ್ನೆಗೆ ಸರಿಯಾದ ಉತ್ತರ ಸಿಕ್ಕಿದ್ದು ಆ ಸಹೋದ್ಯೋಗಿಯಿಂದ. ಪ್ರಶ್ನೆ ಕೇಳಿದ ಕೂಡಲೇ, ಉತ್ತರವನ್ನು ಮೊದಲು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಿ, ಆಮೇಲೆ ಕೇಳುತ್ತೇನೆ ಎಂದುಬಿಡಿ ಎಂದು ಅವರು ಹೇಳಿದರು. ಈಗ ಹಾಗೆಯೇ ಮಾಡುತ್ತಿದ್ದೇನೆ.